ಒಂದು ದೀರ್ಘದಷ್ಟು ದೂರ

ಬೈ-ಟು ಕಾಫಿಯ ಎರಡು ಲೋಟಗಳು ಒಂದೇ ಮಟ್ಟಕ್ಕೆ ತುಂಬಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿಕೊಡುವ ಈ ಕಲೆ ನಮ್ಮ ಬೆಂಗಳೂರಿನ ದರ್ಶಿನಿಗಳಲ್ಲಿ ಎಷ್ಟು ಹಳೆಯದೋ ಅಷ್ಟೇ ಅಪೂರ್ಣ. ಕೌಂಟರಿನ ಆಚೆ ನಿಂತವರು ಎಷ್ಟೇ ಪಳಗಿದ ಕೈಯವರಾಗಿರಲಿ, ಡಿಕಾಕ್ಷನ್ನಿನ ಮೇಲೆ ಹಾಲು ಸುರಿದು, ಎತ್ತಿ ಇಳಿಸಿ ನೊರೆಯೆಬ್ಬಿಸಿ, ನಮ್ಮತ್ತ ತಳ್ಳುವ ಹೊತ್ತಿಗೆ ಒಂದು ಲೋಟದಲ್ಲಿ ಒಂದು ಗುಟುಕು ಕಾಫಿ ಹೆಚ್ಚು, ಇನ್ನೊಂದರಲ್ಲಿ ಒಂದು ಗುಟುಕು ನೊರೆ ಹೆಚ್ಚು. ದಿನಚರಿ ಬರೆಯುವ ಚಟವಿರುವ ನಾನು ಒಮ್ಮೆ ಇದಕ್ಕೂ ಒಂದು ಲೆಕ್ಕವಿಟ್ಟಿದ್ದೆ. ಒಂದಿಡೀ ಶ್ರಾವಣ ಮಾಸ ಪರೀಕ್ಷಿಸಿ, ಎಡಗಡೆಯ ಲೋಟದಲ್ಲೇ ಸಾಮಾನ್ಯವಾಗಿ ಕಾಫಿ ಹೆಚ್ಚಿರುತ್ತದೆ ಎಂಬ ಸಿದ್ಧಾಂತಕ್ಕೆ ಬಂದಿದ್ದೆ. ಲೋಕೋಪಕಾರಿಯಾದ ಈ ಸಂಶೋಧನೆಯನ್ನು ಕೇಳಿ ಅಮ್ಮ, "ಇವಳಿಗೆ ಗಂಡು ಹುಡುಕೋದು ಕಷ್ಟ ಇದೆ" ಎಂದದ್ದೂ ಅದೇ ಪುಟದಲ್ಲಿ ದಾಖಲಾಗಿದೆ.

ಈ ಅಸಮಾನತೆಗೆ ಒಂದು ನ್ಯಾಯಸೂತ್ರವನ್ನು ಕಂಡುಹಿಡಿದವರು ನನ್ನ ಸೀನಮಾವ, ಅಂದರೆ ಅಮ್ಮನ ತಮ್ಮ, ಮತ್ತು ಅವರ ಗೆಳೆಯ ಮೂರ್ತಿ ಅಂಕಲ್. ಯಾರಿಗೆ ಹೆಚ್ಚು ಕಾಫಿ ಬಂತೋ ಅವರು ಕುಡಿದಾದ ಮೇಲೆ ಎರಡೂ ಲೋಟಗಳನ್ನು ತೊಳೆಯುವ ಕಡೆಗೆ ಇಟ್ಟು ಬರಬೇಕು. ಅದರಿಂದಾಗಿ ಆ ಇಬ್ಬರೂ ದಿನಾ ಬೆಳಿಗ್ಗೆ, ಮತ್ತೆ ಸಂಜೆ, ಕುತ್ತಿಗೆ ಬಾಗಿಸಿ ಲೋಟಗಳ ಅಂಚನ್ನು ಕಣ್ಣಳತೆಗೆ ತಂದು, ತಮ್ಮದೇ ಕಡಿಮೆಯೆಂದು ವಾದ ಮಾಡುತ್ತಿದ್ದರು. ಇಬ್ಬರೂ ದರ್ಜಿಗಳು, ನೂಲೆಳೆಯಷ್ಟು ವ್ಯತ್ಯಾಸವೂ ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ವಾದ ಮುಗಿಯುವ ಹೊತ್ತಿಗೆ ಎರಡೂ ಕಾಫಿ ಸಮಾನವಾಗಿ ತಣ್ಣಗಾಗಿರುತ್ತಿತ್ತು. ಪ್ರಾಯಶಃ ಅವರ ಸಮಾನತೆ ಅದೇ ಇರಬೇಕು.

ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ಇವರಿಬ್ಬರ ಅಂಗಡಿ. ಒಂದು ಷಟರಿನ ಅಗಲದ ಜಾಗದಲ್ಲಿ ಎಡಕ್ಕೆ ಸೀನಮಾವನ ಮಷೀನು, ಬಲಕ್ಕೆ ಮೂರ್ತಿ ಅಂಕಲ್ಲಿನದು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಸೀನಮಾವ ಹೆಂಗಸರ ಬ್ಲೌಸು, ಚೂಡಿದಾರ ಹೊಲಿಯುವವರು. ಮೂರ್ತಿ ಅಂಕಲ್ ಗಂಡಸರ ಪ್ಯಾಂಟು, ಕೋಟು. ಶಾಲೆ ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವವರೆಗೆ ನಾನು ಆ ಮೇಜಿನ ಕೆಳಗೆ ಕೂತು ಚೂರುಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದೆ. ನನ್ನ ಲೆಕ್ಕದ ಹುಚ್ಚಿನ ಬೀಜ ಬಿದ್ದದ್ದು ಅಲ್ಲಿಯೇ. ತಲೆಯ ಮೇಲೆ ಕತ್ತರಿಯ ಕರಕರ, ಎರಡೂ ಕಡೆಯಿಂದ ಮಷೀನುಗಳ ಗಡಗಡ, ಇಸ್ತ್ರಿಯ ಬಿಸಿಗೆ ಏಳುವ ಒದ್ದೆ ಬಟ್ಟೆಯ ವಾಸನೆ. ಸ್ವರ್ಗದಲ್ಲಿ ಒಂದು ವಾಸನೆಯಿದ್ದರೆ ಅದು ಒದ್ದೆ ಲೈನಿಂಗ್ ಬಟ್ಟೆಯದ್ದೇ ಇರಬೇಕೆಂದು ನನಗೆ ಇವತ್ತಿಗೂ ಅನುಮಾನ.

ಅಂಗಡಿಯ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಎಂ-ಐ-ಎಲ್-ಎ-ಎನ್ ಎಂಬ ಐದು ಕೆಂಪು ಅಕ್ಷರಗಳಿದ್ದವು, ಕೆಳಗೆ ಟೈಲರ್ಸ್ ಎಂದು. ಈ ಐದು ಅಕ್ಷರಗಳ ಅಡಿಯಲ್ಲಿ ಎರಡು ಸಂಸಾರಗಳು ಇಪ್ಪತ್ತು ವರ್ಷ ಊಟ ಮಾಡಿದವು. ಆದರೆ ಇಬ್ಬರೂ ಓದುತ್ತಿದ್ದ ಹೆಸರು ಬೇರೆ ಬೇರೆ ಎಂಬುದು ಯಾರಿಗೂ ತಿಳಿದಿರಲಿಲ್ಲ, ಅವರಿಗೂ. ಸೀನಮಾವನ ಪಾಲಿಗೆ ಅದು 'ಮಿಲನ': ಇಬ್ಬರು ಗೆಳೆಯರು, ಎರಡು ಮಷೀನುಗಳು ಸೇರಿದ್ದು. ಮೂರ್ತಿ ಅಂಕಲ್ಲಿನ ಪಾಲಿಗೆ ಅದು 'ಮಿಲಾನ್': ಯೌವನದಲ್ಲಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಕಂಡ, ಗಂಡಸರೆಲ್ಲ ಭುಜಕ್ಕೆ ಅಂಟಿಕೊಂಡ ಹಾಗೆ ಕೋಟು ತೊಟ್ಟು ನಿಂತಿದ್ದ ಇಟಲಿಯ ಷೋಕಿ ನಗರ. ಸೀನಮಾವ 'ಮಿಲನ್' ಎಂದಾಗ ಮೂರ್ತಿ ಅಂಕಲ್ ಅದನ್ನು ಗೆಳೆಯನ ನಾಲಗೆಯ ಸೋಮಾರಿತನ ಎಂದುಕೊಂಡರು. ಅವರು 'ಮಿಲಾನ್' ಎಂದು ಎಳೆದಾಗ ಇವರು ಅದನ್ನು ಗೆಳೆಯನ ಸ್ಟೈಲು ಎಂದುಕೊಂಡರು. ಸ್ನೇಹ ಬಹಳ ಕಾಲ ಬಾಳುವುದು ಹೀಗೆ ಸ್ವಲ್ಪ ತಪ್ಪಾಗಿ ಕೇಳಿಸಿಕೊಳ್ಳುವುದರಿಂದಲೇ ಏನೋ.

ಕೆಲವು ವರ್ಷಗಳ ಹಿಂದೆ, ಅಂಗಡಿಗಳ ಬೋರ್ಡಿನಲ್ಲಿ ಕನ್ನಡವೇ ದೊಡ್ಡದಾಗಿರಬೇಕೆಂದು ಊರೆಲ್ಲ ಗಡಿಬಿಡಿ ಎದ್ದಾಗ ಇವರೂ ಪೇಂಟರನ್ನು ಕರೆಸಿದರು. ಅವತ್ತು ಶನಿವಾರ, ನನ್ನ ಕುರ್ತಾದ ತೋಳು ಚಿಕ್ಕದು ಮಾಡಿಸಲು ನಾನೂ ಅಲ್ಲಿದ್ದೆ. ಪೇಂಟರು ಏಣಿಯ ಮೇಲೆ ನಿಂತು 'ಮಿ' ಬರೆದರು, 'ಲ' ಬರೆದರು, ಬ್ರಷ್ಷನ್ನು ಗಾಳಿಯಲ್ಲಿ ನಿಲ್ಲಿಸಿ ಕೆಳಗೆ ನೋಡಿದರು.

"ಸಾರ್, 'ಲ'ಗೆ ದೀರ್ಘ ಕೊಡ್ಲಾ, ಬೇಡ್ವಾ?"

"ಬೇಡ" ಎಂದರು ಸೀನಮಾವ. "ಕೊಡು" ಎಂದರು ಮೂರ್ತಿ ಅಂಕಲ್. ಎರಡೂ ಒಟ್ಟಿಗೇ ಹೊರಬಿದ್ದವು.

"ಮಿಲನ ಅಂತ ಬರೆಯಕ್ಕೆ ದೀರ್ಘ ಯಾಕೋ?" ಎಂದರು ಸೀನಮಾವ.

"ಮಿಲನ ಯಾವುದೋ? ಮಿಲಾನ್ ಕಣೋ, ಇಟಲೀಲಿರೋ ಊರು. ಕೋಟಿಗೆ ಫೇಮಸ್ಸು. ನಿನ್ ತರ ಬರೆದ್ರೆ ಮದುವೆ ಬ್ರೋಕರ್ ಆಫೀಸು ಅನ್ಕೊಂಡು ಜನ ಜಾತಕ ತಗೊಂಡ್ ಬರ್ತಾರೆ."

"ನಿನ್ ತರ ಬರೆದ್ರೆ ಫಾರಿನ್ ರೇಟು ಅನ್ಕೊಂಡು ಬ್ಲೌಸ್ ಹೊಲ್ಸೋರು ಒಬ್ರೂ ಒಳಗ್ ಬರಲ್ಲ. ವರ್ಷಕ್ಕೆ ನಾಕು ಕೋಟು ಹೊಲಿಯಕ್ಕೆ ಇಟಲಿ ಬೇರೆ ಕೇಡು."

ಅಲ್ಲಿಯವರೆಗೆ ಅದು ತಮಾಷೆಯೇ ಆಗಿತ್ತು, ನಾನೂ ನಕ್ಕಿದ್ದೆ. ಆದರೆ ಮೂರ್ತಿ ಅಂಕಲ್ ನಗಲಿಲ್ಲ. ಕೊರಳಿನ ಟೇಪನ್ನು ತೆಗೆದು ಮೇಜಿನ ಮೇಲೆ ಇಟ್ಟು, "ನನ್ ಕೋಟು ನಿಂಗೆ ಯಾವತ್ತಿದ್ರೂ ತಮಾಷೆನೇ ಅಲ್ವಾ ಸೀನ" ಎಂದರು. ಸೀನಮಾವನ ಮುಖವೂ ಅಷ್ಟು ಹೊತ್ತಿಗೆ ಸಣ್ಣಗಾಗಿತ್ತು. "ಹಂಗಾದ್ರೆ ಇಷ್ಟು ವರ್ಷ ಈ ಅಂಗಡೀಲಿ ನಾನೊಬ್ನೇ ಮಿಲನ ಆಗಿದ್ನಾ?" ಎಂದರು. ಒಬ್ಬರೇ ಮಿಲನವಾಗುವುದು ಹೇಗೆ ಸಾಧ್ಯವೆಂದು ಆಗ ನನಗೆ ಹೊಳೆಯಲಿಲ್ಲ. ಏಣಿಯ ಮೇಲಿನಿಂದ ಪೇಂಟರು, "ಸಾರ್, ಪೇಂಟ್ ಒಣಗ್ತಿದೆ" ಎಂದರು.

ಆ ತಿಂಗಳ ಕೊನೆಗೆ ಮೂರ್ತಿ ಅಂಕಲ್ ತಮ್ಮ ಮಷೀನನ್ನು ಆಟೋದಲ್ಲಿ ಹಾಕಿಕೊಂಡು ಜೆ.ಪಿ. ನಗರಕ್ಕೆ ಹೋದರು. ಈಗ ಜಯನಗರದಲ್ಲಿ 'ಮಿಲನ ಟೈಲರ್ಸ್', ಜೆ.ಪಿ. ನಗರದಲ್ಲಿ 'ಮಿಲಾನ್ ಟೈಲರ್ಸ್'. ನಡೆದರೆ ಅರ್ಧ ಗಂಟೆಯ ದಾರಿ. ವ್ಯಾಕರಣದ ಪ್ರಕಾರ ಒಂದು ದೀರ್ಘದಷ್ಟು ದೂರ. ತಮಾಷೆಯೆಂದರೆ ಎರಡೂ ಬೋರ್ಡಿನ ಕೆಳಗೆ ಸಣ್ಣದಾಗಿ ಬರೆಸಿದ ಇಂಗ್ಲಿಷಿನಲ್ಲಿ ಹೆಸರು ಒಂದೇ. ಡೆಲಿವರಿ ಹುಡುಗರು ನೋಡುವುದು ಇಂಗ್ಲಿಷನ್ನು. ಹಾಗಾಗಿ ಮದುಮಗಳ ರೇಷ್ಮೆ ಬ್ಲೌಸಿನ ಬಟ್ಟೆ ಮೂರ್ತಿ ಅಂಕಲ್ಲಿನ ಅಂಗಡಿಗೂ, ಯಾರದೋ ರಿಸೆಪ್ಷನ್ನಿನ ಸೂಟಿನ ಬಟ್ಟೆ ಸೀನಮಾವನ ಅಂಗಡಿಗೂ ಹೋಗಿ ಬೀಳುತ್ತಿತ್ತು. ಬನಶಂಕರಿಯಲ್ಲಿರುವ ನಾನು ನನ್ನ ಸ್ಕೂಟರಿನಲ್ಲಿ ಈ ದಾರಿತಪ್ಪಿದ ಬಟ್ಟೆಗಳನ್ನು ಅದಲುಬದಲು ಮಾಡುವ ರಾಯಭಾರಿಯಾದೆ. ಬಟ್ಟೆಯ ಜೊತೆ ಮಾತೂ ಬರುತ್ತಿತ್ತು.

"ಸೀನನಿಗೆ ಹೇಳು ಶುಭಾ, ಈ ಲೈನಿಂಗು ನೀರಲ್ಲಿ ನೆನೆಸಿಲ್ಲ. ನೆನೆಸ್ದೇ ಹೊಲಿದ್ರೆ ಆಮೇಲೆ ಕುಗ್ಗುತ್ತೆ ಅಂತ."

"ಅವನಿಗೆ ಹೇಳು, ಅವನು ಹುಟ್ಟೋಕ್ ಮುಂಚೆಯಿಂದ ನಂಗೊತ್ತು ಅಂತ."

ಬೇರೆಯಾದ ಮೇಲೂ ಸೀನಮಾವ ದಿನಾ ಹೊತ್ತಿಗೆ ಸರಿಯಾಗಿ ಅದೇ ದರ್ಶಿನಿಗೆ ಹೋಗುತ್ತಾರೆ. ಬೈ-ಟು ಹೇಳಲು ಜೊತೆಯಿಲ್ಲ. ಅರ್ಧ ಕಾಫಿ ಎಂಬುದು ಯಾವ ದರಪಟ್ಟಿಯಲ್ಲೂ ಇಲ್ಲ. ಆದ್ದರಿಂದ ಪೂರ್ತಿ ಕಾಫಿ ತೆಗೆದುಕೊಳ್ಳುತ್ತಾರೆ, ಅರ್ಧ ಕುಡಿಯುತ್ತಾರೆ, ಉಳಿದರ್ಧವನ್ನು ಹಾಗೇ ಬಿಟ್ಟು, ಲೋಟವನ್ನು ತಾವೇ ತೊಳೆಯುವ ಕಡೆ ಇಟ್ಟು ಬರುತ್ತಾರೆ. "ಪೂರ್ತಿ ಕುಡಿದ್ರೆ ಎದೆ ಉರಿ ಬರುತ್ತೆ" ಎಂಬುದು ಅವರ ಸಮಜಾಯಿಷಿ. ಎದೆಯುರಿಯ ಮೂಲ ಕಾಫಿಯಲ್ಲ ಎಂದು ನಾನು ಹೇಳಲಿಲ್ಲ, ಬರೆದುಕೊಂಡೆ.

ಹೀಗಿರುವಾಗ ಹೋದ ವರ್ಷ ದೀಪಾವಳಿ ಕಳೆದ ಮೇಲೆ ನನಗೆ ನಿಜವಾದ ಮಿಲಾನಿಗೆ ಹೋಗುವ ಯೋಗ ಬಂತು. ನಾನು ಕೆಲಸ ಮಾಡುವುದು ಸೀರೆಯ ಸೆರಗಿಗೆ ಕುಚ್ಚು ಕಟ್ಟಿಸಿಕೊಡುವ ಒಂದು ಪುಟ್ಟ ಸಂಸ್ಥೆಯಲ್ಲಿ. ನಮ್ಮ ರೇಷ್ಮೆ ಕುಚ್ಚುಗಳನ್ನು ಕೈಚೀಲಗಳಿಗೂ ಪರದೆಗಳಿಗೂ ಕಟ್ಟಿಕೊಳ್ಳಬಹುದೆಂದು ಆ ಊರಿನ ಜನಕ್ಕೆ ತೋರಿಸಲು, ಸಂಸ್ಥೆಯ ಒಡತಿ ಪದ್ಮಾ ಮೇಡಂ ಅಲ್ಲಿನ ಒಂದು ವ್ಯಾಪಾರ ಮೇಳಕ್ಕೆ ಹೊರಟರು. ಲೆಕ್ಕ ಬರೆಯಲು ನನ್ನನ್ನು ಕರೆದುಕೊಂಡರು. ನನ್ನ ಚಟಕ್ಕೆ ಸಂಬಳ ಮೊದಲೇ ಸಿಗುತ್ತಿತ್ತು, ಈಗ ವಿಮಾನದ ಟಿಕೆಟ್ಟೂ ಸಿಕ್ಕಿತು.

ಸುದ್ದಿ ಕೇಳಿ ಮೂರ್ತಿ ಅಂಕಲ್ ಮಷೀನು ನಿಲ್ಲಿಸಿದರು. ಆಮೇಲೆ, ಅಲ್ಲಿನ ಕೋಟುಗಳ ಭುಜದ ಫೋಟೋ ತರಬೇಕೆಂದರು; ಮುಂಭಾಗ ಬೇಡ, ಹಿಂದಿನಿಂದ, ತೋಳು ಭುಜಕ್ಕೆ ಸೇರುವ ಜಾಗ. ಹೊರಡುವಾಗ ಮೆಲ್ಲಗೆ, "ಅಲ್ಲಿನ ಜನ ಆ ಊರನ್ನ ಏನಂತಾರೆ, ಕಿವಿಯಾರೆ ಕೇಳ್ಕೊಂಡ್ ಬಾ. ಸೀನನಿಗೆ ಹೇಳ್ಬೇಡ" ಎಂದರು. ಸಂಕ್ರಾಂತಿಯ ಹೊತ್ತಿಗೆ ತಾವು ಅಂಗಡಿ ಸಮೇತ ತಲಘಟ್ಟಪುರಕ್ಕೆ, ಮಗ ಹೊಸದಾಗಿ ಕಟ್ಟಿಸಿದ ಮನೆಗೆ ಹೋಗುತ್ತಿರುವುದನ್ನೂ ಆಗಲೇ ತಿಳಿಸಿದರು. ಅದನ್ನು ಸೀನಮಾವನಿಗೆ ಹೇಳಬೇಡ ಎನ್ನಲಿಲ್ಲ. ನಾನು ಹೇಳಿದೆ. ಸೀನಮಾವ ಹೊಲಿಯುತ್ತಿದ್ದುದನ್ನು ನಿಲ್ಲಿಸದೆ, "ಅಷ್ಟು ದೂರಾನಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, ಚಟ್ನಿಪುಡಿಯ ಪೊಟ್ಟಣ ಕೈಗಿಡುತ್ತಾ, "ಆ ಊರಿನ ಹೆಸರು ಅವರ ಬಾಯಲ್ಲಿ ಹೆಂಗ್ ಬರುತ್ತೋ ಕೇಳ್ಕೊಂಡ್ ಬಾ. ಸುಮ್ನೆ, ತಿಳ್ಕೊಳ್ಳೋಣ ಅಂತ" ಎಂದರು. ಕುಚ್ಚಿನ ಪೆಟ್ಟಿಗೆಗಳ ಜೊತೆ ನಾನು ಹೊತ್ತೊಯ್ದದ್ದು ಈ ಒಂದು ದೀರ್ಘದ ವ್ಯಾಜ್ಯವನ್ನು.

ಮಿಲಾನಿಗೆ ಹೋದವರು ಮೊದಲು ನೋಡುವುದು ಊರ ನಡುವಿನ ಅಮೃತಶಿಲೆಯ ಮಹಾ ಕ್ರೈಸ್ತ ದೇವಾಲಯವನ್ನು. ಅದರ ಛಾವಣಿಗೆ ಹತ್ತಿ, ನೂರಾರು ಕಲ್ಲಿನ ಶಿಖರಗಳ ನಡುವೆ ನಡೆದಾಡಬಹುದು. ಪ್ರತಿ ಶಿಖರದ ತುದಿಯಲ್ಲೂ ಒಬ್ಬೊಬ್ಬ ಸಂತ ನಿಂತಿದ್ದಾನೆ. ನಾನು ಎಣಿಸಲು ಶುರುಮಾಡಿ, ತಿರುವಿನಲ್ಲಿ ಯಾರನ್ನು ಎಣಿಸಿದ್ದೆ ಯಾರನ್ನು ಬಿಟ್ಟಿದ್ದೆ ಎಂದು ಮರೆತು, ಜೀವನದಲ್ಲಿ ಮೊದಲ ಬಾರಿಗೆ ಒಂದು ಲೆಕ್ಕವನ್ನು ಸಂತೋಷದಿಂದ ಕೈಬಿಟ್ಟೆ. ಅಂಥ ಸಂಜೆಬಿಸಿಲು ಗುಲಾಬಿ ಕಲ್ಲಿನ ಮೇಲೆ ಬಿದ್ದಿರುವಾಗ ಪಟ್ಟಿ ಬರೆಯುವುದು ಸಂತರಿಗೂ ಇಷ್ಟವಾಗಲಾರದು.

ಪಕ್ಕದಲ್ಲೇ ಗಾಜಿನ ಮಾಡಿನ ದೊಡ್ಡ ಮಾರುಕಟ್ಟೆ. ಅಲ್ಲಿನ ಕಿಟಕಿಗಳಲ್ಲಿ ಒಂದು ಇಡೀ ಗಾಜಿನ ಕೋಣೆಗೆ ಒಂದೇ ಒಂದು ಅಂಗಿ. ನಮ್ಮ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಅಷ್ಟು ಜಾಗ ಸಿಕ್ಕಿದ್ದರೆ ಇನ್ನೂರು ನೈಟಿ, ಅದರ ಮುಂದೆ ಹೇರ್‌ಕ್ಲಿಪ್ಪು, ಅದರ ಪಕ್ಕ ಜೋಳದ ಗಾಡಿ ಇರುತ್ತಿತ್ತು. ಆ ಮಾರುಕಟ್ಟೆಯ ನೆಲದಲ್ಲಿ ಬಣ್ಣದ ಚೂರುಗಲ್ಲುಗಳಿಂದ ಒಂದು ಗೂಳಿಯನ್ನು ಚಿತ್ರಿಸಿದ್ದಾರೆ. ಅದರ ಮೇಲೆ ಹಿಮ್ಮಡಿಯೂರಿ ಮೂರು ಸುತ್ತು ತಿರುಗಿದರೆ ಅದೃಷ್ಟ ಖುಲಾಯಿಸುತ್ತದಂತೆ. ಹಿಮ್ಮಡಿ ಊರಬೇಕಾದ ಜಾಗ ಯಾವುದೆಂದು ಮರ್ಯಾದಸ್ಥರು ಬರೆಯುವ ಹಾಗಿಲ್ಲ. ಅಲ್ಲಿ ತಿರುಗಿ ತಿರುಗಿ ಕಲ್ಲಿನಲ್ಲಿ ಕುಳಿ ಬಿದ್ದಿದೆ ಎಂದರೆ ಸಾಕು. ನಾನು ಸಾಲಿನಲ್ಲಿ ನಿಂತೆ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಪದ್ಮಾ ಮೇಡಂ ನನ್ನ ಕೈ ಹಿಡಿದೆಳೆದು, "ಬಸವಣ್ಣನ ಮೇಲೆ ಕಾಲಿಡ್ತಾರೇನೇ? ಬುದ್ಧಿ ಇದೆಯಾ ನಿಂಗೆ?" ಎಂದು ಗದರಿ, ಬಗ್ಗಿ ಗೂಳಿಯ ಬಾಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರ ಹಿಂದಿದ್ದ ಯಾವುದೋ ದೇಶದ ದಂಪತಿ, ವಿಧಿ ಇದೇ ಇರಬೇಕೆಂದು ತಾವೂ ಬಗ್ಗಿ ಹಾಗೇ ಮಾಡಿದರು. ಆ ಊರಿನಲ್ಲಿ ನಾವು ಒಂದು ಸಂಪ್ರದಾಯ ಬಿಟ್ಟು ಬಂದಿರುವ ಸಾಧ್ಯತೆಯಿದೆ.

ಊಟದ ವಿಚಾರ. ಅಲ್ಲಿನ ಹೆಸರಾಂತ ತಿನಿಸು ಕೇಸರಿ ಹಾಕಿ ಬೇಯಿಸಿದ ಅನ್ನ. ಸಸ್ಯಾಹಾರಿಗಳು ಅದನ್ನು ತರಕಾರಿಯ ಸಾರಿನಲ್ಲಿ ಬೇಯಿಸಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಬಣ್ಣ ನಮ್ಮ ಕೇಸರಿಭಾತಿನದು, ಮೈ ಪೊಂಗಲ್ಲಿನದು, ರುಚಿ ಎರಡರದ್ದೂ ಅಲ್ಲ. ನಾಲಗೆ ಸಿಹಿಯೋ ಖಾರವೋ ಎಂದು ಕಾಯುತ್ತಾ ಕಾಯುತ್ತಾ ತಟ್ಟೆಯೇ ಖಾಲಿಯಾಯಿತು. ಎರಡನೆಯ ಸಲ ಪದ್ಮಾ ಮೇಡಂ ಸೀನಮಾವನ ಚಟ್ನಿಪುಡಿ ಉದುರಿಸಿಕೊಂಡು, "ಈಗ ಬಂತು ಕಳೆ" ಎಂದರು. ಒಣದ್ರಾಕ್ಷಿ, ಕಿತ್ತಳೆಸಿಪ್ಪೆಯ ಚೂರು ಹಾಕಿದ ಗೋಪುರದಂಥ ಒಂದು ಬ್ರೆಡ್ಡೂ ಅಲ್ಲಿ ಪ್ರಸಿದ್ಧ. ಕಣ್ಣು ಮುಚ್ಚಿ ತಿಂದರೆ ಬನಶಂಕರಿಯ ಬೇಕರಿಯ ಟೂಟಿಫ್ರೂಟಿ ಬನ್ನು ದೊಡ್ಡ ಮನೆತನಕ್ಕೆ ಸೊಸೆಯಾಗಿ ಹೋದ ಹಾಗಿದೆ. ಸಂಜೆ ಕಾಲುವೆಯ ದಂಡೆಗಳಲ್ಲಿ ಜನ ಒಂದು ಪಾನೀಯ ಮುಂದಿಟ್ಟುಕೊಂಡು, ಅದರ ಜೊತೆಗೆ ಬರುವ ಕುರುಕಲು ತಿನ್ನುತ್ತಾ ಕತ್ತಲಾಗುವವರೆಗೆ ಹರಟುತ್ತಾರೆ. ನೀರಿನಲ್ಲಿ ದೀಪಗಳು ನಡುಗುತ್ತವೆ. ಹಳೆಯ ಹಳದಿ ಟ್ರಾಮುಗಳು, ಒಳಗೆ ಮರದ ಬೆಂಚು, ತಿರುವಿನಲ್ಲಿ ಮಷೀನಿನ ಚಕ್ರದ ಹಾಗೆ ಕಿರುಗುಟ್ಟುತ್ತವೆ. ಆ ಸದ್ದಿಗೆ ನಾನು ಒಮ್ಮೆಲೇ ಮೇಜಿನ ಕೆಳಗಿನ ಹುಡುಗಿಯಾದೆ. ಎಷ್ಟೋ ಸಾವಿರ ಮೈಲಿ ಹಾರಿ ಬಂದು ನನಗೆ ನೆನಪಾದದ್ದು ಒಂಬತ್ತನೇ ಬ್ಲಾಕಿನ ಒಂದು ಷಟರು.

ಕೋಟುಗಳ ಬಗ್ಗೆ ಮೂರ್ತಿ ಅಂಕಲ್ ಹೇಳಿದ್ದು ನಿಜ. ಆ ಊರಿನಲ್ಲಿ ಬ್ರೆಡ್ಡು ತರಲು ಹೊರಟ ಎಂಬತ್ತರ ಅಜ್ಜನ ಕೋಟೂ ಭುಜಕ್ಕೆ ಅಂಟಿಕೊಂಡಿರುತ್ತದೆ. ನಾನು ಅಪರಿಚಿತರ ಬೆನ್ನಿನ ಫೋಟೋ ತೆಗೆಯುತ್ತಾ ಓಡಾಡಿದೆ. ಒಬ್ಬರು ತಟ್ಟನೆ ತಿರುಗಿ ನೋಡಿದಾಗ ಪಾರಿವಾಳದ ಫೋಟೋ ತೆಗೆಯುತ್ತಿರುವಂತೆ ನಟಿಸಿದೆ. ಅಲ್ಲಿ ಪಾರಿವಾಳ ಇರಲಿಲ್ಲ.

ಆದರೆ ಆ ಊರು ನನಗೆ ನಿಜವಾಗಿ ತೆರೆದುಕೊಂಡದ್ದು ಕಾಫಿಯಲ್ಲಿ. ಅಲ್ಲಿ ಕಾಫಿ ಅಂಗಡಿಯನ್ನು ಬಾರ್ ಎನ್ನುತ್ತಾರೆ. ಪದ್ಮಾ ಮೇಡಂ ಬೆಳ್ಳಂಬೆಳಿಗ್ಗೆ ಮನೆಗೆ ಫೋನು ಮಾಡಿ "ಬಾರಲ್ಲಿದೀವಿ" ಎಂದದ್ದರಿಂದ ಬಸವನಗುಡಿಯಲ್ಲಿ ಸಣ್ಣ ಗದ್ದಲವೇ ಆಯಿತು. ಜನ ಕೌಂಟರಿಗೆ ಒರಗಿ ನಿಂತೇ ಕುಡಿಯುತ್ತಾರೆ, ಕೂತರೆ ಬೆಲೆ ಹೆಚ್ಚು. ಅಂದರೆ ಅಪ್ಪಟ ದರ್ಶಿನಿ. ಹಾಲು ಹಾಕಿದ ಕಾಫಿಯನ್ನು ಮಧ್ಯಾಹ್ನದ ಮೇಲೆ ಕೇಳಿದರೆ, ರಾತ್ರಿ ಊಟಕ್ಕೆ ಮಸಾಲೆದೋಸೆಯ ಜೊತೆ ಬೂಸ್ಟ್ ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ. ಉಳಿದ ಹೊತ್ತೆಲ್ಲ ಬೆರಳಗಲದ ಬಟ್ಟಲಿನಲ್ಲಿ ಮೂರು ಗುಟುಕಿನ ಕಪ್ಪು ಡಿಕಾಕ್ಷನ್. ಅಷ್ಟು ಗಟ್ಟಿಯಾದದ್ದನ್ನು ಒಬ್ಬರೇ ಕುಡಿಯುವುದು ಪದ್ಮಾ ಮೇಡಮ್ಮಿಗೆ ಒಗ್ಗಲಿಲ್ಲ. ಮೊದಲ ದಿನವೇ ಅವರು ಒಂದು ಬೆರಳು ತೋರಿಸಿ "ಕಾಫಿ" ಎಂದರು, ಎರಡು ಬೆರಳು ತೋರಿಸಿ "ಬೈ-ಟು" ಎಂದರು. ಕೌಂಟರಿನ ಹಿಂದಿದ್ದ ಬಿಳಿ ಮೀಸೆಯ ಹಿರಿಯರು ಮೂರು ಕಾಫಿ ಕೊಟ್ಟರು. ಮರುದಿನ ಮೇಡಂ ಖಾಲಿ ಬಟ್ಟಲೊಂದನ್ನು ಕೇಳಿ ಪಡೆದು, ಅವರ ಕಣ್ಣೆದುರೇ ಆ ಮೂರು ಗುಟುಕನ್ನು ಎರಡು ಪಾಲು ಮಾಡಿದರು. ಹಿರಿಯರು ಎದೆಯ ಮೇಲೆ ಕೈಯಿಟ್ಟುಕೊಂಡರು. ಕಡಲೆಕಾಳನ್ನು ಕತ್ತರಿಯಲ್ಲಿ ಕತ್ತರಿಸಿದ್ದನ್ನು ಕಂಡವರ ಹಾಗೆ. ಮೂರನೆಯ ದಿನ ನಾವು ಬಾಗಿಲು ದಾಟುತ್ತಲೇ ಅವರು ತಾವಾಗಿ ಎರಡು ಬಟ್ಟಲಿಟ್ಟು, ಕಣ್ಣಳತೆಗೆ ಬಾಗಿ, ಉಸಿರು ಹಿಡಿದು ಸುರಿದು, "ಬೈ-ತು" ಎಂದರು. ಆಗಲೂ ಸಮವಾಗಲಿಲ್ಲ. ನನಗೆ ಅದೇಕೋ ಕಣ್ಣು ತುಂಬಿ ಬಂತು. ಡಿಕಾಕ್ಷನ್ನು ಸ್ಟ್ರಾಂಗಾಗಿತ್ತು ಎಂದು ಬರೆದುಕೊಂಡೆ.

ಕೊನೆಯ ಬೆಳಿಗ್ಗೆ ಅವರನ್ನೇ ಕೇಳಿದೆ, ನಿಮ್ಮ ಊರನ್ನು ನೀವು ಏನೆಂದು ಕರೆಯುತ್ತೀರಿ ಎಂದು. ನನ್ನ ಮುರುಕು ಇಂಗ್ಲಿಷು ಅವರ ಮುರುಕು ಇಂಗ್ಲಿಷಿಗೆ ಸೊಗಸಾಗಿ ಅರ್ಥವಾಯಿತು. "ಮಿಲಾನೋ" ಎಂದರು ಅವರು, 'ಲಾ'ವನ್ನು ಟ್ರಾಮಿನ ಹಾದಿಯಷ್ಟು ಎಳೆದು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಇನ್ನೊಬ್ಬ ಅಜ್ಜ ತಲೆಯೆತ್ತಿ, ಹಾಗಲ್ಲ, ಹಳಬರ ಆಡುಮಾತಿನಲ್ಲಿ 'ಮಿಲಾಂ' ಎಂದು ಮೂಗಿನಲ್ಲಿ ಮುಗಿಸಬೇಕು ಎಂದರು. ಹಿರಿಯರು ಏನೋ ಅಂದರು, ಅಜ್ಜ ಏನೋ ತಿರುಗಿಸಿ ಅಂದರು. ಇಬ್ಬರ ಕೈಗಳೂ ಗಾಳಿಯಲ್ಲಿ ಹಾರಾಡತೊಡಗಿದವು. ನಾವು ಕಾಫಿ ಮುಗಿಸಿ ಹೊರಬಂದಾಗಲೂ ಅವರ ವ್ಯಾಜ್ಯ ಮುಗಿದಿರಲಿಲ್ಲ.

ಊರಿಗೆ ಬಂದ ಮರುದಿನವೇ ನಮ್ಮ ದರ್ಜಿಗಳಿಬ್ಬರ ಫೋನೂ ಬಂತು. ನಾನು ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ತೀರ್ಪನ್ನು ಫೋನಿನಲ್ಲಿ ಹೇಳುವುದಿಲ್ಲ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿಯೂ ಹೇಳುವುದಿಲ್ಲ, ಭಾನುವಾರ ಬೆಳಿಗ್ಗೆ ದರ್ಶಿನಿಗೆ ಬಂದವರಿಗೆ ಹೇಳುತ್ತೇನೆ. "ಅವನು ಬರ್ತಾನೇನು?" ಎಂದರು ಸೀನಮಾವ. "ಅವನು ಬಂದ್ರೆ ನಾನ್ಯಾಕೆ ಬರಲಿ?" ಎಂದರು ಮೂರ್ತಿ ಅಂಕಲ್. ಭಾನುವಾರ ನಾನು ಹೋಗುವ ಹೊತ್ತಿಗೆ ಇಬ್ಬರೂ ಬಂದಾಗಿತ್ತು. ಒಬ್ಬರು ಜ್ಯೂಸ್ ಕೌಂಟರಿನ ಹತ್ತಿರ, ಒಬ್ಬರು ಕೈ ತೊಳೆಯುವ ಹತ್ತಿರ, ಪರಸ್ಪರ ಪರಿಚಯವಿಲ್ಲದವರ ಹಾಗೆ. ನಾನು ನಡುವಿನ ಎತ್ತರದ ಮೇಜಿಗೆ ಬ್ಯಾಗು ಇಟ್ಟೆ. ಇಬ್ಬರೂ ಎರಡು ಬದಿಗೆ ಬಂದು ನಿಂತರು.

ಮೊದಲು ಕೋಟಿನ ಫೋಟೋಗಳನ್ನು ತೋರಿಸಿದೆ. ಮೂರ್ತಿ ಅಂಕಲ್ ಬಹಳ ಹೊತ್ತು ನೋಡಿದರು. ಸೀನಮಾವ ಬೇಕೆಂತಲೇ ಬೇರೆ ಕಡೆ ನೋಡುತ್ತಿದ್ದವರು, ಕೊನೆಗೆ ತಡೆಯಲಾರದೆ ಕಣ್ಣು ಹಾಯಿಸಿ, "ಭುಜ ನೋಡು. ಪದ್ಮನಾಭನಗರದ ಲಾಯರಿಗೆ ನೀನು ಹೊಲಿದಿದ್ಯಲ್ಲ, ಹಂಗೇ ಇದೆ" ಎಂದರು. ಗೋಡೆಗೆ ಹೇಳಿದ ಹಾಗೆ ಹೇಳಿದರು. ಮೂರ್ತಿ ಅಂಕಲ್ ಫೋನಿನಿಂದ ಮುಖವೆತ್ತಲಿಲ್ಲ, ಆದರೆ ಅವರ ಹೆಬ್ಬೆರಳು ಮುಂದಿನ ಫೋಟೋಗೆ ಹೋಗದೆ ಅಲ್ಲೇ ನಿಂತಿತು.

ಆಮೇಲೆ ತೀರ್ಪು ಓದಿದೆ. ಉಚ್ಚಾರದಲ್ಲಿ ದೀರ್ಘವಿದೆ, ಅದು ಮೂರ್ತಿ ಅಂಕಲ್ಲಿನ ಗೆಲುವು. ಆದರೆ ಆ ಊರಿನ ಬಹಳ ಹಳೆಯ ಹೆಸರಿಗೆ 'ಬಯಲಿನ ನಡು' ಎಂಬ ಅರ್ಥವಿದೆಯೆಂದು ಅಲ್ಲಿ ಓದಿದ್ದೆ. ನಡುವೆಂದರೆ ನಾಲ್ಕು ಕಡೆಯ ದಾರಿಗಳು ಸೇರುವ ಜಾಗ, ಅಂದರೆ ಮಿಲನ, ಅದು ಸೀನಮಾವನ ಗೆಲುವು. ವಿಮಾನದಲ್ಲಿ ಕೂತು ತಯಾರಿಸಿದ ಈ ವಾದದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

"ಬಯಲು ಅಂದ್ರೆ ಬಯಲು. ಅದ್ರಲ್ಲಿ ಮಿಲನ ಎಲ್ ಬಂತು?" ಎಂದರು ಸೀನಮಾವ, ತಮ್ಮ ಪರವಾದ ತೀರ್ಪನ್ನೇ ತಳ್ಳಿಹಾಕುತ್ತಾ. "ಸರಿಯಾಗ್ ಹೇಳು. ಅವರ ಬಾಯಲ್ಲಿ ಏನ್ ಬಂತು? ಅಷ್ಟು ಹೇಳು ಸಾಕು."

"ಮಿಲಾನೋ" ಎಂದೆ.

ಸೀನಮಾವ ನಿಧಾನವಾಗಿ, "ಮಿಲಾ... ನೋ?" ಎಂದರು.

"ಮಿಲಾನೋ. ಹಂಗೇ ಅಂತಾರೆ. ಕೊನೇಲಿ 'ಓ' ಇದೆ."

"ಅಂದ್ರೆ ಅವರಿಗೂ ಡೌಟು" ಎಂದರು ಸೀನಮಾವ. "ಮಿಲಾನೋ? ಮಿಲನವೋ? ಅವರ ಊರಿನ ಹೆಸರು ಅವರಿಗೇ ಗ್ಯಾರಂಟಿ ಇಲ್ಲ. ನಾವು ಅದಕ್ಕೆ ಅಂಗಡಿ ಎರಡು ಮಾಡಿದ್ವಾ?"

ಮೂರ್ತಿ ಅಂಕಲ್ಲಿನ ಭುಜ ಮೊದಲು ಅಲುಗಿತು. ಆಮೇಲೆ ನಗು ಹೊರಗೆ ಬಂತು, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು. ಕೌಂಟರಿನವರು ಇತ್ತ ತಿರುಗಿ, "ಸಾರ್, ಏನ್ ಕೊಡ್ಲಿ?" ಎಂದರು. ಬೇರೆಯಾದ ಮೇಲೆ ಸೀನಮಾವನಿಗೆ ಹೇಳಿ ಅಭ್ಯಾಸವಾದ 'ಒಂದು ಕಾಫಿ' ನಾಲಗೆಯ ತುದಿಗೆ ಬಂದು ನಿಂತದ್ದು ನನಗೆ ಕಂಡಿತು. ಅದನ್ನು ಅವರು ನುಂಗಿಕೊಂಡರು. "ಒಂದು ಬೈ-ಟು. ಇವಳಿಗೊಂದು ಫುಲ್" ಎಂದರು.

ಅಂಗಡಿಗಳು ಮತ್ತೆ ಒಂದಾಗಲಿಲ್ಲ. ಓದುಗರು ಅಷ್ಟನ್ನು ನಿರೀಕ್ಷಿಸಬಾರದು, ಬೋರ್ಡಿಗೆ ಬಹಳ ಖರ್ಚಾಗುತ್ತದೆ. ಮೂರ್ತಿ ಅಂಕಲ್ ಹೇಳಿದಂತೆ ಸಂಕ್ರಾಂತಿಗೆ ತಲಘಟ್ಟಪುರಕ್ಕೆ ಹೋದರು. ಆದರೆ ಅಲ್ಲಿಂದ ಜಯನಗರಕ್ಕೆ ಮೆಟ್ರೋ ನೇರ ಬರುತ್ತದೆ, ನಡುವೆ ಬದಲಿಸುವ ತಾಪತ್ರಯವಿಲ್ಲ. ಈ ಮಾಹಿತಿಯನ್ನು ಅವರಿಗೆ ಕೊಟ್ಟವರು ಸೀನಮಾವ, ಅದೂ ಅವತ್ತೇ, ಕಾಫಿ ಬರುವ ಮೊದಲು. ದೂರವನ್ನು ಅಳೆಯುವ ಪಟ್ಟಿ ನನ್ನ ಹತ್ತಿರವೂ ಒಂದಿದೆ, ಆದರೆ ದರ್ಜಿಗಳ ಟೇಪೇ ಬೇರೆ. ಅದರ ಒಂದು ಬದಿಯಲ್ಲಿ ಇಂಚು, ಇನ್ನೊಂದು ಬದಿಯಲ್ಲಿ ಸೆಂಟಿಮೀಟರು. ಒಂದೇ ಉದ್ದಕ್ಕೆ ಎರಡು ಹೆಸರು, ಯಾರೂ ಜಗಳವಾಡುವುದಿಲ್ಲ.

ಕಾಫಿ ಬಂತು. ಇಬ್ಬರೂ ಒಟ್ಟಿಗೆ ಬಾಗಿ ಲೋಟಗಳ ಅಂಚನ್ನು ಕಣ್ಣಳತೆಗೆ ತಂದರು. ನನ್ನ ಸಿದ್ಧಾಂತಕ್ಕೆ ಸರಿಯಾಗಿ ಎಡಗಡೆಯ ಲೋಟದಲ್ಲಿ ಒಂದು ಗುಟುಕು ಹೆಚ್ಚಿತ್ತು. ಅದು ಮೂರ್ತಿ ಅಂಕಲ್ ಕಡೆಗಿತ್ತು. ಸೀನಮಾವ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

"ಗೊತ್ತು ಕಣೋ. ನಂದು ದೀರ್ಘ, ನಿಂದು ಹ್ರಸ್ವ. ಲೋಟ ನಾನೇ ಇಡ್ತೀನಿ, ಆರೋಗುತ್ತೆ, ಕುಡಿ."